ದೀಪದ ಜೊತೆ ಲೆಕ್ಕವನ್ನೂ ಹಿಡಿದವರು

ಊರಿನಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ಲಂಡನ್ನಿನ ಬಿಗ್ ಬೆನ್ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಅಲ್ಲಿಂದ ಥೇಮ್ಸ್ ನದಿಯ ಆಚೆ ದಡಕ್ಕೆ ನೋಡಿದರೆ ಸೇಂಟ್ ಥಾಮಸ್ ಆಸ್ಪತ್ರೆ ಕಾಣುತ್ತದೆ. ದೀಪ ಹಿಡಿದು ಗಾಯಾಳುಗಳನ್ನು ನೋಡಿಕೊಂಡ ತಾಯಿ ಎಂದು ನಾವು ಕೇಳಿ ಬೆಳೆದ ಫ್ಲಾರೆನ್ಸ್ ನೈಟಿಂಗೇಲ್ ಅವರ ಅತಿ ದೊಡ್ಡ ಕೆಲಸ ಈ ಆಸ್ಪತ್ರೆಗೆ ಸೇರಿದ್ದು.

ಅವರು ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಮನೆತನದಲ್ಲಿ. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆಯೇ ಮನೆಯಲ್ಲಿ ಪಾಠ ಹೇಳಿಕೊಟ್ಟರು. ಗಣಿತವೆಂದರೆ ಹುಡುಗಿಗೆ ಪ್ರಾಣ. ಆದರೆ ದಾದಿಯಾಗುತ್ತೇನೆ ಎಂದಾಗ ಮನೆಯವರು ಒಪ್ಪಲಿಲ್ಲ. ಆ ಕಾಲದಲ್ಲಿ ದಾದಿಯ ಕೆಲಸಕ್ಕೆ ಮರ್ಯಾದೆಯೂ ಇರಲಿಲ್ಲ, ಸರಿಯಾದ ತರಬೇತಿಯೂ ಇರಲಿಲ್ಲ. ವರ್ಷಗಟ್ಟಲೆ ಕಾದು, ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಸುಮಾರು ಮೂರು ತಿಂಗಳು ಶುಶ್ರೂಷೆ ಕಲಿತರು.

ಕ್ರಿಮಿಯಾ ಯುದ್ಧದ ಸಮಯ. 1854ರ ನವೆಂಬರಿನಲ್ಲಿ 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆ ತಲುಪಿದರು. ಒಗೆದ ಬಟ್ಟೆ, ಹೊಟ್ಟೆಗೆ ಹಿತವಾದ ಊಟ, ರಾತ್ರಿ ದೀಪ ಹಿಡಿದು ಸುತ್ತು, ಎಲ್ಲವೂ ನಡೆಯಿತು. ಆದರೂ ಸೈನಿಕರು ಸಾಯುತ್ತಲೇ ಇದ್ದರು. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ಸಾವು! ಗಾಯಗಳಿಗಿಂತ ಕಾಲರಾ, ಆಮಶಂಕೆ, ಜ್ವರಗಳೇ ಹೆಚ್ಚು ಮಂದಿಯನ್ನು ಕೊಂದವು. ಮಾರ್ಚಿನಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯ ಆಯೋಗ ಕಟ್ಟಡದ ಚರಂಡಿಗಳನ್ನು ಶುಚಿ ಮಾಡಿಸಿ, ಗಾಳಿಯಾಡುವಂತೆ ಮಾಡಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಮರಳಿ ಬಂದ ಮೇಲೆ ಅವರು ಹೊಗಳಿಕೆ ಕೇಳುತ್ತ ಕೂರಲಿಲ್ಲ. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಸೇರಿ ಆ ಸಾವುಗಳ ಲೆಕ್ಕ ಬಿಡಿಸಿದರು. ಹೆಚ್ಚಿನವು ತಪ್ಪಿಸಬಹುದಾದ ಸಾವುಗಳೆಂದು 1858ರಲ್ಲಿ ಬಣ್ಣದ ಚಿತ್ರ ಬರೆದು ತೋರಿಸಿದರು. ದಿನವೂ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಚಾರ್ಟು ಮಾಡುವ ನನಗೆ, ಕೈಯಲ್ಲೇ ಬರೆದ ಆ ಚಿತ್ರ ನೋಡಿದಾಗ ಸ್ವಲ್ಪ ನಾಚಿಕೆಯೇ ಆಯಿತು.

ಕರುಣೆ ಬೇಕು, ಆದರೆ ಕರುಣೆಯೊಂದೇ ಸಾಲದು. ಇದು ಅವರ ಬದುಕಿನ ಪಾಠ. ಜನರು ಕೊಟ್ಟ ಕಾಣಿಕೆಯ ಹಣದಿಂದ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ (ಆಗ ಅದು ಲಂಡನ್ ಬ್ರಿಜ್ ಬಳಿ ಇತ್ತು) ದಾದಿಯರ ಶಾಲೆ ತೆರೆಯಿತು. ಒಂದು ವರ್ಷದ ತರಬೇತಿ. ಗಾಯಕ್ಕೆ ಪಟ್ಟಿ ಕಟ್ಟುವುದು, ಮಲಗಿದಲ್ಲೇ ಹುಣ್ಣಾಗದಂತೆ ನೋಡಿಕೊಳ್ಳುವುದು, ಕೋಣೆಗೆ ಗಾಳಿ ಬರುವಂತೆ ಮಾಡುವುದು, ಪಥ್ಯದ ಅಡುಗೆ. ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸುವುದು: ನಾಡಿ, ಉಸಿರು, ಹಸಿವು, ನಿದ್ದೆ. ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಿದರೆ ಸಾಲದು, ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕೆಂದು ಅವರು ತಮ್ಮ ಪುಸ್ತಕದಲ್ಲಿ ತಿಳಿಸಿದರು. ಈ ಶಾಲೆಯ ದಾದಿಯರು ದೂರದ ಸಿಡ್ನಿಯವರೆಗೂ ಹೋಗಿ ಕಲಿಸಿದರು.

ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ನಮ್ಮ ನಾಡಿನ ನೈರ್ಮಲ್ಯದ ಬಗ್ಗೆ ದಶಕಗಳ ಕಾಲ ಬರೆದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವೇ ಇಂದು ಅಂತರರಾಷ್ಟ್ರೀಯ ದಾದಿಯರ ದಿನ.

ನಮ್ಮ ಕನ್ನಡನಾಡಿನ ಹೆಣ್ಣುಮಕ್ಕಳೂ ಇಲ್ಲಿನ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿಯುತ್ತಿದ್ದಾರೆ. ಮುಂದಿನ ಬಾರಿ ಅವರಲ್ಲೊಬ್ಬರು ನಿಮ್ಮ ನಾಡಿ ಹಿಡಿದು ಚಾರ್ಟಿನಲ್ಲಿ ಬರೆದುಕೊಂಡಾಗ, ಅದರ ಹಿಂದಿನ ಕಲಿಕೆಗೂ ಒಂದು ನಮಸ್ಕಾರ ಹೇಳೋಣ.