ನೇಗಿಲಿಗೆ ಹೆಸರು ತಂದ ಲಕ್ಷ್ಮಣರಾವ್ ಕಿರ್ಲೋಸ್ಕರ



ಕರಿಕೆ ಹಬ್ಬಿದ ಎರೆಹೊಲವನ್ನು ಆಳವಾಗಿ ಉಳಲು ನಮ್ಮ ಹಿರಿಯರು ಕಬ್ಬಿಣದ ನೇಗಿಲು ಹೂಡುತ್ತಿದ್ದರು. ಅದನ್ನು ಅನೇಕರು ಕರೆಯುತ್ತಿದ್ದುದು ಕಿರ್ಲೋಸ್ಕರ ನೇಗಿಲು ಎಂದೇ. ವಸ್ತುವಿಗೂ ಅದನ್ನು ಮಾಡಿದವರಿಗೂ ಒಂದೇ ಹೆಸರು ನಿಲ್ಲುವುದು ಸಣ್ಣ ಮಾತಲ್ಲ. ಇಂದು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೂ ರೈತರು ಸಂಘ ಕಟ್ಟಿಕೊಂಡು ಬೆಲ್ಲ, ದಾಳಿಂಬೆ, ಜೋಳದ ರೊಟ್ಟಿಗಳನ್ನು ಸ್ವಂತ ಹೆಸರಿನಲ್ಲಿ ಮಾರಲು ಹೊರಟಿದ್ದಾರೆ. ಅವರೆಲ್ಲ ತಿಳಿಯಬೇಕಾದ ಜೀವನ ಲಕ್ಷ್ಮಣರಾವ್ ಕಿರ್ಲೋಸ್ಕರರದು.

ಚಿತ್ರಕಲೆಯಿಂದ ಯಂತ್ರಕ್ಕೆ

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ನೆರೆಯ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶಾಲೆಯ ಪಾಠಕ್ಕಿಂತ ಚಿತ್ರ ಬಿಡಿಸುವುದು ಮತ್ತು ಯಂತ್ರಗಳು ಅವರಿಗೆ ಹೆಚ್ಚು ಪ್ರಿಯವಾಗಿದ್ದವು. ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದು ಎಂದು ಗೊತ್ತಾದಾಗ ವರ್ಣಚಿತ್ರ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು.

1888ರಲ್ಲಿ ಅಣ್ಣ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಆರಂಭವಾಯಿತು. ತಮ್ಮ ಮುಂಬಯಿಯಿಂದ ಸೈಕಲ್ ಕಳಿಸುವುದು, ಅಣ್ಣ ಅದನ್ನು ಮಾರಿ ಹೊಡೆಯುವುದನ್ನೂ ಕಲಿಸುವುದು. ಮುಂದೆ ನೌಕರಿಯಲ್ಲಿ ತಮಗೆ ಸಲ್ಲಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು.

ಕಬ್ಬಿಣದ ಭಯ

ಅವರ ಸಣ್ಣ ಕಾರ್ಖಾನೆಯಿಂದ ಮೊದಲು ಹೊರಬಂದದ್ದು ಮೇವು ಕತ್ತರಿಸುವ ಯಂತ್ರ. ಬಳಿಕ ಕಬ್ಬಿಣದ ನೇಗಿಲು. ಮರದ ರಂಟೆ ಮಣ್ಣನ್ನು ಗೀರಿ ಸಾಗುತ್ತದೆ. ಕಬ್ಬಿಣದ ನೇಗಿಲು ಹೆಂಟೆಯನ್ನು ಹೊರಳಿಸಿ ಹಾಕುತ್ತದೆ. ಕಳೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಇದರ ಗುಣ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಅಂದಿನ ರೈತರು ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆ ಎಂದು ನಂಬಿದ್ದರು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು.

ಇಲ್ಲಿ ಗಮನಿಸಬೇಕು. ನೇಗಿಲಿನಲ್ಲಿ ಗುಣವಿತ್ತು. ಅದನ್ನು ರೈತನಿಗೆ ಮನಗಾಣಿಸುವ ವ್ಯವಸ್ಥೆ ಇನ್ನೂ ಇರಲಿಲ್ಲ.

ಪಾಪಾಸುಕಳ್ಳಿಯ ಮಾಳ

ಅಷ್ಟರಲ್ಲಿ ಬೆಳಗಾವಿಯಲ್ಲಿ ಹೊಸ ಬಡಾವಣೆಗಾಗಿ ಪುರಸಭೆಯು ಕಾರ್ಖಾನೆಯ ಜಾಗ ತೆರವು ಮಾಡಿಸಿತು. ಹಿನ್ನೀರಿನಿಂದಾಗಿ ಹಳೆಯ ಮನೆ ಬಿಟ್ಟು ನವನಗರಕ್ಕೆ ಬಂದ ನಮ್ಮವರಿಗೆ ಆ ಸಂಕಟ ತಿಳಿದದ್ದೇ. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ ಬಂಜರು ಜಮೀನನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು ಹಾವುಗಳು ತುಂಬಿದ್ದ ಆ ಮಾಳದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಈಗ ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ.

ಒಬ್ಬೊಬ್ಬರಿಗೆ ಒಂದೊಂದು ಕೆಲಸ

ಲಕ್ಷ್ಮಣರಾಯರು ಜನರನ್ನು ಆರಿಸುವಾಗ ಪದವಿ ನೋಡಲಿಲ್ಲ, ಕೈಗುಣ ನೋಡಿದರು. ಯಂತ್ರದ ಕೆಲಸಕ್ಕೆ ಶಂಭುರಾವ್ ಜಾಂಭೇಕರ, ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ, ಊರಿನ ಆಡಳಿತಕ್ಕೆ ಅಣ್ಣ ರಾಮಣ್ಣ. ಶಾಲೆ ಬಿಟ್ಟು ಬಂದ ಅನಂತರಾವ್ ಫಳಣೀಕರ ಹೊಸ ಹೊಸ ಯುಕ್ತಿ ಹೂಡುವ ತಂತ್ರಜ್ಞರಾದರು. ಶಿಕ್ಷೆ ಅನುಭವಿಸಿ ಬಂದಿದ್ದ ಇಬ್ಬರು ಊರ ಕಾವಲಿಗೆ ನಿಂತು ನಂಬಿಕಸ್ಥರೆನಿಸಿದರು.

ಇವರ ನಡುವೆ ಇನ್ನೊಬ್ಬರಿದ್ದರು. ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ್. ಅವರು ಚಿತ್ರಕಾರರು, ಬರಹಗಾರರು. ಕಬ್ಬಿಣ ಕರಗಿಸುವ ಕಾರ್ಖಾನೆಯಲ್ಲಿ ಚಿತ್ರಕಾರನಿಗೇನು ಕೆಲಸ ಎಂದು ಬೇರೆಯವರಾದರೆ ಕೇಳುತ್ತಿದ್ದರು. ಸ್ವತಃ ಚಿತ್ರ ಕಲಿತಿದ್ದ ಲಕ್ಷ್ಮಣರಾಯರು ಆ ಪ್ರಶ್ನೆ ಎತ್ತಲಿಲ್ಲ. ಶಂಕರರಾಯರಿಗೆ ಜಾಹೀರಾತಿನ ಹೊಣೆ ಒಪ್ಪಿಸಿದರು. 1920ರಲ್ಲಿ ಅವರು ಕಿರ್ಲೋಸ್ಕರ ಖಬರ್ ಎಂಬ ಮರಾಠಿ ಪತ್ರಿಕೆ ಆರಂಭಿಸಿದರು. ಕಾರ್ಖಾನೆಯ ಸುದ್ದಿಯನ್ನು ಗಿರಾಕಿಗಳಿಗೆ ಮುಟ್ಟಿಸಲು ಹುಟ್ಟಿದ ಈ ಪತ್ರಿಕೆ ಬೆಳೆಯುತ್ತ ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯಾಯಿತು. 1930ರಲ್ಲಿ ಹೆಂಗಸರಿಗಾಗಿ ಸ್ತ್ರೀ ಎಂಬ ಪತ್ರಿಕೆಯೂ ಬಂತು. ನೇಗಿಲು ಕೊಳ್ಳದವರ ಮನೆಗೂ ಕಿರ್ಲೋಸ್ಕರ ಹೆಸರು ಹೊಕ್ಕಿತು.

1926ರಲ್ಲಿ ನೀರೆತ್ತುವ ಪಂಪು ತಯಾರಾದಾಗ ಆ ಹೆಸರು ಜನರಿಗೆ ಹೊಸದಾಗಿರಲಿಲ್ಲ. ನೇಗಿಲು ಗಳಿಸಿದ ವಿಶ್ವಾಸ ಪಂಪಿಗೆ ದಾರಿಯಾಯಿತು. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಸ್ಥಾಪನೆಯಾಯಿತು. ಆ ಕಾರ್ಖಾನೆ ಈಗ ಮುಚ್ಚಿದೆ. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. 1969ರಲ್ಲಿ, ಅವರ ಜನ್ಮಶತಾಬ್ದಿಗೆ, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ನಮಗೇನು ಪಾಠ?

ಮಹಾಲಿಂಗಪುರದ ಪೇಟೆಗೆ ಹೋಗುವ ನಿಮ್ಮ ಬೆಲ್ಲಕ್ಕೆ ರುಚಿ ಇದೆ, ಹೆಸರಿಲ್ಲ. ಕೊಂಡವರು ತಮ್ಮ ಹೆಸರಿನ ಪೊಟ್ಟಣದಲ್ಲಿ ತುಂಬಿದರೆ ಲಾಭ ಅವರದು. ಇದನ್ನು ತಪ್ಪಿಸಲು ಸಂಘಗಳು ಮೊದಲು ಮಾಡುವ ಕೆಲಸ ಚೀಲದ ಮೇಲೆ ಹೆಸರು ಅಚ್ಚು ಹಾಕಿಸುವುದು. ಅಲ್ಲಿಗೇ ನಿಂತರೆ ಚೀಲದ ಖರ್ಚಷ್ಟೇ ಉಳಿಯುತ್ತದೆ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ನಾಲ್ಕು ಕೆಲಸಗಳನ್ನು ಹಂಚಿಕೊಳ್ಳಿರಿ:

1. ಪ್ರತಿ ಸಲ ಮಾಲಿನ ಗುಣ ಒಂದೇ ಸಮ ಇದೆಯೇ ಎಂದು ನೋಡಲು ಅನುಭವಸ್ಥ ರೈತರೊಬ್ಬರು. ಅವರು ಬೇಡವೆಂದ ಮಾಲು ನಿಮ್ಮ ಹೆಸರಿನಲ್ಲಿ ಹೋಗಬಾರದು.

2. ಲೆಕ್ಕ ಬರೆಯಲು ಒಬ್ಬರು.

3. ಗಿರಾಕಿಯ ದೂರು ಕೇಳಿಕೊಂಡು ಬಂದು ಸಭೆಯಲ್ಲಿ ಹೇಳಲು ಒಬ್ಬರು.

4. ಚಿತ್ರ ಬಿಡಿಸಬಲ್ಲ, ಚೆನ್ನಾಗಿ ಬರೆಯಬಲ್ಲ ಊರಿನ ಹುಡುಗ ಅಥವಾ ಹುಡುಗಿ.

ಈ ನಾಲ್ಕನೆಯವರನ್ನು ಕೆಲಸವಿಲ್ಲದವರೆಂದು ಹಗುರಾಗಿ ಕಾಣಬೇಡಿರಿ. ಪೊಟ್ಟಣದ ಮೇಲೆ ಬೆಳೆದ ಊರು, ಬೆಳೆದ ರೀತಿ, ಬಳಸುವ ವಿಧಾನ ಬರೆದು ಕೊಳ್ಳುವವರಿಗೆ ನಿಮ್ಮ ಪರಿಚಯ ಮಾಡಿಕೊಡುವವರು ಅವರೇ. ಅವರಿಗೆ ಸಭೆಯಲ್ಲಿ ಜಾಗ ಕೊಡಿರಿ, ದುಡಿಮೆಗೆ ಸಂಬಳವನ್ನೂ ಕೊಡಿರಿ.

ಒಂಟಿ ಎತ್ತಿನಿಂದ ನೇಗಿಲು ಸಾಗದು. ಹೆಸರೂ ಹಾಗೆಯೇ.