ಐಫೆಲ್ ಗೋಪುರದ ಮೇಲೆ ಹೆಸರು ಬೆಳಗಿಸಿದ ವಲಸಿಗರ ಮಗ

ಪ್ಯಾರಿಸ್ಸಿನ ಐಫೆಲ್ ಗೋಪುರವು ಒಂದು ಕಾಲದಲ್ಲಿ ಬೃಹತ್ತಾದ ಜಾಹೀರಾತು ಫಲಕವಾಗಿತ್ತೆಂಬುದು ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವ ನಮ್ಮವರಲ್ಲಿ ಬಹುಮಂದಿಗೆ ತಿಳಿಯದು. 1925ರ ಜುಲೈ ತಿಂಗಳಿನಿಂದ 1934ರವರೆಗೆ, ಕತ್ತಲಾಗುತ್ತಲೇ ಅದರ ಮೂರು ಮುಖಗಳ ಮೇಲೆ ಒಂದೇ ಹೆಸರು ಬೆಳಗುತ್ತಿತ್ತು: ಸಿಟ್ರೊಯೆನ್.

ಆ ಹೆಸರಿಗೂ ಒಂದು ವಲಸೆಯ ಕಥೆಯಿದೆ. ಆಂಡ್ರೆ ಸಿಟ್ರೊಯೆನ್ ಅವರ ಪೂರ್ವಿಕರು ಹಾಲೆಂಡಿನಲ್ಲಿ ನಿಂಬೆಹಣ್ಣಿನ ವ್ಯಾಪಾರಿಗಳಾಗಿದ್ದ ಯಹೂದಿಗಳು. ಕುಲನಾಮ ಹುಟ್ಟಿದ್ದು ನಿಂಬೆಯಿಂದಲೇ. ವಜ್ರದ ವ್ಯಾಪಾರಕ್ಕಾಗಿ ತಂದೆ ಪ್ಯಾರಿಸ್ಸಿಗೆ ಬಂದು ನೆಲೆಸಿದರು. ತಾಯಿ ಪೋಲೆಂಡಿನವರು. 1878ರಲ್ಲಿ ಜನಿಸಿದ ಆಂಡ್ರೆ ಮನೆಯ ಕಿರಿಯ ಮಗ. ಆರು ವರ್ಷದವರಿದ್ದಾಗ ತಂದೆ ಆತ್ಮಹತ್ಯೆ ಮಾಡಿಕೊಂಡರು. ಮಕ್ಕಳನ್ನು ಸಾಕಿ ಓದಿಸಿದ ಹೊಣೆ ವಿಧವೆ ತಾಯಿಯದು. ಪ್ರತಿಷ್ಠಿತ ಎಕೋಲ್ ಪಾಲಿಟೆಕ್ನಿಕ್‌ಗೆ ಮಗ ಸೇರಿದುದನ್ನು ಕಂಡು, 1899ರಲ್ಲಿ ಆಕೆ ತೀರಿಕೊಂಡರು.

ಮರುವರ್ಷ ತಾಯಿಯ ನಾಡಿಗೆ ಹೋದಾಗ ಸಿಟ್ರೊಯೆನ್ ಅವರ ಕಣ್ಣಿಗೆ ಬಿದ್ದುದು ಬಾಣದ ಮೊನೆಯಾಕಾರದ ಹಲ್ಲುಗಳಿದ್ದ ಗಿಯರ್ ಚಕ್ರ. ಅದರ ಹಕ್ಕನ್ನು ಕೊಂಡು ತಂದು ಉದ್ಯಮ ಆರಂಭಿಸಿದರು. ಇಂದಿಗೂ ಆ ಕಾರುಗಳ ಮೂತಿಯ ಮೇಲಿರುವ ಜೋಡಿ ಮೊನೆಗಳು ಆ ಚಕ್ರದ ನೆನಪೇ. ಮೊದಲ ಮಹಾಯುದ್ಧದಲ್ಲಿ ಸೀನ್ ನದಿಯ ದಂಡೆಯ ಜಾವೆಲ್‌ನಲ್ಲಿ ಫಿರಂಗಿಗುಂಡುಗಳ ಕಾರ್ಖಾನೆ ಕಟ್ಟಿದರು. ದುಡಿಯುವವರಲ್ಲಿ ಹೆಂಗಸರು ಬಹಳವಿದ್ದುದರಿಂದ ಶಿಶುಪಾಲನಾ ಗೃಹ, ದಂತವೈದ್ಯಶಾಲೆಗಳನ್ನೂ ಅಲ್ಲಿಯೇ ತೆರೆದರು. ವೈದ್ಯನಾದ ನನಗೆ ಅವರ ಸಾಧನೆಗಳಲ್ಲಿ ಅತ್ಯಂತ ಹಿಡಿಸಿದುದು ಇದೇ. 1919ರಿಂದ ಅದೇ ಜಾಗದಲ್ಲಿ ಫೋರ್ಡ್ ಮಾದರಿಯಲ್ಲಿ ಕಾರುಗಳು ತಯಾರಾದವು.

ಹೆಸರು ಜನರ ಕಣ್ಣಿನಿಂದ ಮರೆಯಾಗಬಾರದೆಂಬುದು ಅವರ ಹಟ. 1922ರಲ್ಲಿ ವಿಮಾನದ ಹೊಗೆಯಿಂದ ಪ್ಯಾರಿಸ್ಸಿನ ಆಕಾಶದಲ್ಲಿ ಅದನ್ನು ಬರೆಸಿದರು. ಫ್ರಾನ್ಸಿನ ರಸ್ತೆಗಳುದ್ದಕ್ಕೂ ತಮ್ಮ ಹೆಸರುಳ್ಳ ಮಾರ್ಗಸೂಚಿ ಫಲಕಗಳನ್ನು ನೆಡಿಸಿದರು. ಗೋಪುರದ ದೀಪಗಳು ಮಾತ್ರ ಮತ್ತೊಬ್ಬ ವಲಸಿಗನ ಕೈಚಳಕ. ಫ್ಲಾರೆನ್ಸ್‌ನಿಂದ ಬಂದಿದ್ದ ಫೆರ್ನಾಂಡೊ ಜಾಕೊಪೊಝಿ, ಯುದ್ಧಕಾಲದಲ್ಲಿ ಜರ್ಮನ್ ವಿಮಾನಗಳ ದಾರಿ ತಪ್ಪಿಸಲು ದೀಪಗಳಿಂದಲೇ ಹುಸಿ ಪ್ಯಾರಿಸ್ ಒಂದನ್ನು ರಚಿಸುವ ಯೋಜನೆಯಲ್ಲಿ ದುಡಿದಿದ್ದವರು. ಗೋಪುರಕ್ಕೆ ಅವರು ಅಳವಡಿಸಿದ ಬಣ್ಣದ ಬಲ್ಬುಗಳು ಎರಡೂವರೆ ಲಕ್ಷ. ಸಾವಿರಾರು ಬಲ್ಬುಗಳನ್ನೂ ತಂತಿಗಳನ್ನೂ ಹೊತ್ತು, ಗಾಳಿಗೆ ಎದೆಯೊಡ್ಡಿ ಅಷ್ಟೆತ್ತರ ಏರಿದ ಕೆಲಸಗಾರರನ್ನು ನೆನೆದರೆ ಮೈ ನಡುಗುತ್ತದೆ. ಅವರ ಹೆಸರುಗಳನ್ನು ಯಾವ ಗೋಪುರದ ಮೇಲೂ ಬರೆಯಲಿಲ್ಲ. 1927ರ ಮೇ 21ರ ರಾತ್ರಿ, ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿ ಬಂದ ಲಿಂಡ್‌ಬರ್ಗ್ ಇಳಿಯುವ ಮುನ್ನ ಈ ಬೆಳಕನ್ನೇ ಸುತ್ತುಹಾಕಿದರು. ಸಿಟ್ರೊಯೆನ್ ಅವರು ಆ ವೀರನನ್ನು ಕಾರ್ಖಾನೆಗೇ ಕರೆಸಿ ಸನ್ಮಾನಿಸಿದರು. ಜಾಹೀರಾತಿನ ಅವಕಾಶವನ್ನು ಬಿಡುವವರಲ್ಲ ಅವರು.

ಜೂಜಿನ ಮೇಜಿನ ಮೇಲೆ ಅವರಿಗಿದ್ದ ಮೋಹ ಲೋಕವಿದಿತ. ವ್ಯಾಪಾರದಲ್ಲಿಯೂ ಅದೇ ಸ್ವಭಾವ. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ ಸಾಲ ತಂದು ಕಾರ್ಖಾನೆಯನ್ನು ಹೊಸದಾಗಿ ಕಟ್ಟಿಸಿದರು. ಮುಂದಿನ ಚಕ್ರಗಳು ಎಳೆಯುವ ಹೊಚ್ಚಹೊಸ ಕಾರನ್ನು 1934ರಲ್ಲಿ ಅವಸರದಿಂದ ಮಾರುಕಟ್ಟೆಗೆ ಬಿಟ್ಟರು. ಕಾರು ಉತ್ತಮವಾದುದೇ, ಎರಡು ದಶಕಗಳಿಗೂ ಹೆಚ್ಚು ಕಾಲ ತಯಾರಾಯಿತು. ಆದರೆ ಸಾಲಗಾರರು ಕಾಯಲಿಲ್ಲ. ಅದೇ ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿಯಾಗಿ ಟೈರು ತಯಾರಕರಾದ ಮಿಶೆಲಿನ್ ಅವರ ವಶವಾಯಿತು.

ಅಷ್ಟರಲ್ಲಿ ಅವರ ಜಠರದಲ್ಲಿ ಕ್ಯಾನ್ಸರ್ ಬೆಳೆದಿತ್ತು. ಇಂದಿನಂತೆ ಬಾಗುವ ಎಂಡೋಸ್ಕೋಪಿನಿಂದ ಹೊಟ್ಟೆಯೊಳಗೆ ಇಣುಕಿ ನೋಡುವ ಸೌಲಭ್ಯವಾಗಲಿ, ಕೀಮೊಥೆರಪಿಯಾಗಲಿ ಆಗ ಇರಲಿಲ್ಲ. 1935ರ ಜುಲೈ 3ರಂದು, ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಮಾಧಿ ಮಾಂಪರ್ನಾಸ್‌ನಲ್ಲಿದೆ.

ಜಾವೆಲ್‌ನ ಕಾರ್ಖಾನೆ ಇದ್ದೆಡೆ ಈಗ ಅವರದೇ ಹೆಸರಿನ ಉದ್ಯಾನವಿದೆ. ಪ್ಯಾರಿಸ್ಸಿನಲ್ಲಿರುವ ಮಕ್ಕಳ ಮನೆಗೆ ಬರುವ ತಂದೆತಾಯಂದಿರು ಗೋಪುರ ನೋಡಿದ ಬಳಿಕ ನದಿಯ ದಂಡೆಯಲ್ಲೇ ನಡೆದು ಅಲ್ಲಿಗೆ ಹೋಗಬಹುದು.