ಕುಂಭದ ಗುರು, ಸಿಂಹದ ಶನಿ: ಬಾಬಾಸಾಹೇಬರ ಜಾತಕ ನೋಡಿದ ಕಥೆ

ಜಮಖಂಡಿ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಹಳೆಯ ಓದುಗರೊಬ್ಬರು ಮೊನ್ನೆ ಸಂಜೆ ಕಚೇರಿಗೆ ಬಂದರು. ಕೈಯಲ್ಲಿ ಒಂದು ಝೆರಾಕ್ಸ್ ಹಾಳೆ. ಹನ್ನೆರಡು ಮನೆಯ ಕುಂಡಲಿ, ಮೇಲೆ ಡಾ. ಬಾಬಾಸಾಹೇಬ ಅಂಬೇಡ್ಕರ್ ಅಂತ ಹೆಸರು. ಜಯಂತಿಗೆ ಪತ್ರಿಕೆಯಲ್ಲಿ ಹಾಕ್ರಿ, ಎಂಥಾ ಯೋಗದಾಗ ಹುಟ್ಟಿದ ಮನುಷ್ಯ ಅನ್ನೋದು ಜನಕ್ಕ ತಿಳೀಲಿ ಅನ್ನೋದು ಅವರ ಆಸೆ. ಅವರದು ಭಕ್ತಿಯ ಮಾತು, ತಳ್ಳಿ ಹಾಕುವಂಥದ್ದಲ್ಲ. ಚಹಾ ತರಿಸಿ ಕೂಡ್ರಿಸಿ ಹಾಳೆ ನೋಡಿದೆ. ಎಲ್ಲಾ ಮನೆ ತುಂಬಿದ್ದವು. ಜನ್ಮವೇಳೆ ಅಂತ ಬರೆದ ಜಾಗ ಮಾತ್ರ ಖಾಲಿ.

ವೇಳೆ ಇಲ್ಲದೆ ಲಗ್ನ ಎಲ್ಲಿಂದ ಬಂತು? ಲಗ್ನ ಅನ್ನೋದು ಸುಮಾರು ಎರಡು ತಾಸಿಗೊಮ್ಮೆ ರಾಶಿ ಬದಲಿಸುತ್ತದೆ. ಚಂದ್ರ ಎರಡೂಕಾಲು ದಿನಕ್ಕೊಮ್ಮೆ. ಆದ್ದರಿಂದ ಲಗ್ನ, ಚಂದ್ರ ಎರಡನ್ನೂ ಬದಿಗಿಟ್ಟೆ. ರವಿ, ಗುರು, ಶನಿ ಹಂಗಲ್ಲ. ಇವರು ನಿಧಾನ ನಡೆಯುವವರು. ತಾರೀಖು ಗೊತ್ತಿದ್ದರೆ ಸಾಕು, ಲೆಕ್ಕ ಮಾಡಿ ಎಲ್ಲಿದ್ದರೆಂದು ಹೇಳಬಹುದು. ತಾರೀಖು 1891ರ ಏಪ್ರಿಲ್ 14. ಊರು ಇಂದೂರ ಹತ್ತಿರದ ಮಹೂ ದಂಡು. ಅಂದು ರವಿ ಆಗತಾನೆ ಮೇಷಕ್ಕೆ ಬಂದಿದ್ದ, ಅಂದರೆ ತನ್ನ ಉಚ್ಚ ರಾಶಿಗೆ. ಗುರು ಕುಂಭದಲ್ಲಿ, ಅಂದರೆ ಶನಿಯ ಮನೆಯಲ್ಲಿ. ಶನಿ ಸಿಂಹದಲ್ಲಿ, ಅಂದರೆ ಆಗದ ರವಿಯ ಮನೆಯಲ್ಲಿ. ಗುರು, ಶನಿ ಎದುರಾ ಬದುರಾ ಕೂತು ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಶಾಸ್ತ್ರ ಬಲ್ಲವರು ಇದನ್ನು ಹೀಗೆ ಓದುತ್ತಾರೆ. ಉಚ್ಚ ರವಿ ಧೈರ್ಯ ಕೊಡುತ್ತಾನೆ, ರಾಜದ್ವಾರ ತೋರಿಸುತ್ತಾನೆ. ಗುರು ವಿದ್ಯೆಗೆ, ಧರ್ಮಕ್ಕೆ ಒಡೆಯ. ಶನಿ ದುಡಿಯುವವರ, ಆಳುಕಾಳುಗಳ ಕಾರಕ, ತಡ ಮಾಡುವವನು, ಬೆವರು ಇಳಿಸುವವನು. ವಿದ್ಯೆಯ ಗ್ರಹ ದುಡಿಯುವವರ ಮನೆಯಲ್ಲಿ ಕೂತಿತು, ಹಾಗಾಗಿ ಈತನ ವಿದ್ಯೆ ದುಡಿಯುವವರ ಪಾಲಾಯಿತು ಅಂತ ಫಲ. ಕೇಳಲು ಚಲೋ ಐತಿ.

ಆದರೆ ವಿಚಾರ ಮಾಡ್ರಿ. ಅದೇ ದಿನ ಅದೇ ಗ್ರಹಗಳ ಕೆಳಗೆ ನಮ್ಮ ಜಮಖಂಡಿ ವಾಡೆಯ ಓಣಿಯಲ್ಲೂ ಒಂದು ಕೂಸು ಹುಟ್ಟಿರಬಹುದು, ಮುಧೋಳದ ಕೇರಿಯಲ್ಲೂ ಒಂದು. ಗುರು ಇಬ್ಬರಿಗೂ ಕುಂಭದಲ್ಲೇ, ಶನಿ ಇಬ್ಬರಿಗೂ ಸಿಂಹದಲ್ಲೇ. ಗ್ರಹಗಳು ಭೇದ ಮಾಡಲಿಲ್ಲ. ಭೇದ ಮಾಡಿದ್ದು ಊರು. ಬಾಬಾಸಾಹೇಬರ ಚರಿತ್ರೆ ಓದುವಾಗ ನನಗೆ ಮತ್ತೆ ಮತ್ತೆ ಹೊಳೆದದ್ದು ಇದೇ.

ತಂದೆ ರಾಮಜಿ ಸಕ್ಪಾಳರು ಪಲ್ಟಣಿನಲ್ಲಿ ಸುಭೇದಾರರು, ಸೈನ್ಯದ ಶಾಲೆಯಲ್ಲಿ ಮಾಸ್ತರರು. ತಾಯಿ ಭೀಮಾಬಾಯಿ. ಹದಿನಾಲ್ಕನೆಯ ಮಗು ಈ ಭೀಮರಾವ. ಮೂಲ ಊರು ಕೊಂಕಣದ ಅಂಬಡವೆ, ಜಾತಿ ಮಹಾರ. ಸಣ್ಣವನಿದ್ದಾಗಲೇ ತಾಯಿ ಹೋದಳು. ಸಾತಾರದ ಶಾಲೆಯಲ್ಲಿ ಕೂಡ್ರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕು. ನೀರಡಿಕೆಯಾದರೆ ನಳ ಮುಟ್ಟುವ ಹಾಗಿಲ್ಲ, ಸಿಪಾಯಿ ಬಂದು ನಳ ತಿರುವಬೇಕು. ಸಿಪಾಯಿ ರಜೆ ಹಾಕಿದ ದಿನ ನೀರೂ ರಜೆ. ಜಾತಕದಲ್ಲಿ ಗುರು ಕುಂಭದಲ್ಲಿ ಅಂತ ಹೇಳಿದೆನಲ್ಲ, ಕುಂಭ ಅಂದರೆ ಕೊಡ. ಕೊಡ ಜಾತಕದಲ್ಲಿ ಇತ್ತು, ಶಾಲೆಯಲ್ಲಿ ಇರಲಿಲ್ಲ.

1901ರಲ್ಲಿ ಇನ್ನೊಂದು ಆಯಿತು. ತಂದೆ ಕೊರೆಗಾಂವದಲ್ಲಿ ನೌಕರಿಯಲ್ಲಿದ್ದರು. ಸೂಟಿಗೆ ಬರಲು ಮಕ್ಕಳಿಗೆ ಪತ್ರ ಬರೆದರು. ಮಕ್ಕಳು ಹೊಸ ಅಂಗಿ ಟೊಪ್ಪಿಗೆ ಹಾಕಿಕೊಂಡು ರೈಲು ಹತ್ತಿ ಮಸೂರ ಸ್ಟೇಶನ್ನಿನಲ್ಲಿ ಇಳಿದರು. ತಂದೆಗೆ ಸುದ್ದಿ ಮುಟ್ಟಿರಲಿಲ್ಲ, ಯಾರೂ ಕರೆಯಲು ಬಂದಿರಲಿಲ್ಲ. ಚಂದದ ಅರಿವೆ ನೋಡಿ ಸ್ಟೇಶನ್ ಮಾಸ್ತರ ಪ್ರೀತಿಯಿಂದ ವಿಚಾರಿಸಿದ, ಜಾತಿ ತಿಳಿದ ಕೂಡಲೇ ಮುಖ ತಿರುವಿದ. ಗಾಡಿಯವರು ಯಾರೂ ಬರಲೊಲ್ಲರು. ಕಡೆಗೆ ಒಬ್ಬ ಇಮ್ಮಡಿ ಬಾಡಿಗೆಗೆ ಒಪ್ಪಿದ. ಹುಡುಗರೇ ಎತ್ತು ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವವನು ಅಂತ ಕರಾರು. ಬುತ್ತಿ ಇತ್ತು, ಕುಡಿಯಲು ನೀರಿರಲಿಲ್ಲ. ರಾತ್ರಿಯೆಲ್ಲ ನೀರಿಲ್ಲದೆ ಕಳೆದರು. ದಿನಾ ಬಸ್ಸಿನಲ್ಲಿ ಒಬ್ಬರ ತೊಡೆಗೆ ಒಬ್ಬರು ತಾಗಿ ಕೂತು ಮುಧೋಳ, ಬೀಳಗಿ ಅಂತ ತಿರುಗುವ ನಮಗೆ ಆ ಗಾಡಿ ಪ್ರವಾಸ ಅಂದಾಜು ಆಗೋದು ಕಷ್ಟ.

ಓದಿನ ಕಥೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 1907ರಲ್ಲಿ ಮ್ಯಾಟ್ರಿಕ್, 1912ರಲ್ಲಿ ಬಿ.ಎ. ಬರೋಡದ ಸಯಾಜಿರಾವ ಗಾಯಕವಾಡರ ಸಹಾಯದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ, ಮುಂದೆ ಲಂಡನ್. 1917ರಲ್ಲಿ ಕರಾರಿನಂತೆ ಬರೋಡಕ್ಕೆ ನೌಕರಿಗೆ ಬಂದರೆ ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಕೆಲ ದಿನ ಇದ್ದರು. ಗುಟ್ಟು ರಟ್ಟಾಗಿ ಬಡಿಗೆ ಹಿಡಿದ ಗುಂಪು ಬಂತು. ಕಚೇರಿಯಲ್ಲಿ ಪಟ್ಟೇವಾಲಾಗಳು ಕಾಗದ ದೂರದಿಂದ ಎಸೆಯುತ್ತಿದ್ದರು. ಅಮೆರಿಕ ಕಂಡು ಬಂದ ಮನುಷ್ಯ ಒಂದು ತೋಟದ ಗಿಡದ ಕೆಳಗೆ ಕೂತು ಅತ್ತು ಮುಂಬೈ ರೈಲು ಹಿಡಿದರು.

ಇಲ್ಲಿ ಜೋಯಿಸರಿಗೆ ಖುಷಿ ಕೊಡುವ ಒಂದು ಲೆಕ್ಕ ಐತಿ. ಶನಿಗೆ ಒಂದು ಸುತ್ತು ತಿರುಗಲು ಹತ್ತಿರ ಹತ್ತಿರ ಮೂವತ್ತು ವರ್ಷ. 1891ರಲ್ಲಿ ಸಿಂಹದಲ್ಲಿದ್ದ ಶನಿ 1920ರಲ್ಲಿ ಮತ್ತೆ ಸಿಂಹದಲ್ಲಿದ್ದ. ಆ ವರ್ಷ ಏನಾಯಿತು? ಜನವರಿ 31ಕ್ಕೆ ಅವರ ಮೊದಲ ಪತ್ರಿಕೆ ಮೂಕನಾಯಕ ಹೊರಬಂತು. ಅದಕ್ಕೆ ಕೊಲ್ಲಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಮಾರ್ಚ್‌ನಲ್ಲಿ ಕಾಗಲ ಜಹಗೀರಿನ ಮಾಣಗಾಂವದಲ್ಲಿ ಪರಿಷತ್ತು, ಅಧ್ಯಕ್ಷರು ಅಂಬೇಡ್ಕರ್. ಶಾಹು ಮಹಾರಾಜರು ತಾವೇ ಬಂದು ನಿಮಗೆ ನಿಮ್ಮ ನಾಯಕ ಸಿಕ್ಕಿದ ಅಂತ ಜನಕ್ಕೆ ತೋರಿಸಿದರು. ನಮ್ಮಿಂದ ಅದೇನು ಬಹಳ ದೂರದ ಊರಲ್ಲ. ಐದು ವರ್ಷಕ್ಕೆ, 1925ರ ಏಪ್ರಿಲ್‌ನಲ್ಲಿ, ನಿಪ್ಪಾಣಿಯಲ್ಲಿ ಸೇರಿದ ಮುಂಬೈ ಇಲಾಖೆಯ ಬಹಿಷ್ಕೃತರ ಪರಿಷತ್ತಿಗೂ ಅವರೇ ಅಧ್ಯಕ್ಷರು.

ಆಗ ನಮ್ಮ ಸೀಮೆ ಹೇಗಿತ್ತು ಅಂತ ಹೊಸ ಹುಡುಗರಿಗೆ ಹೇಳಬೇಕು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿಗೆ ಸೇರಿದ್ದು, ಪಕ್ಕದ ಬನಹಟ್ಟಿ ಜಮಖಂಡಿಗೆ. ಬೀಳಗಿ ಮಾತ್ರ ಬ್ರಿಟಿಷರ ಮುಂಬೈ ಇಲಾಖೆ. ಸಾರ್ವಜನಿಕ ಬಾವಿ, ಕೆರೆ, ಧರ್ಮಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ 1923ರಲ್ಲಿ ಮುಂಬೈ ಶಾಸನಸಭೆಯಲ್ಲಿ ಬೋಲೆಯವರು ಠರಾವು ಮಾಡಿಸಿದರಲ್ಲ, ಅದು ಕಾಗದದ ಮೇಲೆ ಬೀಳಗಿಗೆ ಲಾಗೂ, ಜಮಖಂಡಿಗೆ ಇಲ್ಲ. ಗ್ರಹಚಾರ ಒಂದೇ, ಗಡಿ ದಾಟಿದರೆ ಹಕ್ಕು ಬೇರೆ.

ಆ ಠರಾವಿನ ಬಲದಿಂದ ಕೊಂಕಣದ ಮಹಾಡ ನಗರಸಭೆ ತನ್ನ ಚವದಾರ ಕೆರೆ ತೆರೆದದ್ದಾಗಿ ಹೇಳಿತ್ತು. ಹೇಳಿದ್ದಷ್ಟೇ, ಯಾರಿಗೂ ಇಳಿಯುವ ಧೈರ್ಯ ಇರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಮೆರವಣಿಗೆ ಕರೆದುಕೊಂಡು ಹೋಗಿ ಆ ಕೆರೆಯ ನೀರು ಕುಡಿದರು. ಗುರು ಹನ್ನೆರಡು ವರ್ಷಕ್ಕೊಂದು ಸುತ್ತು. 1891ರ ನಂತರ ಮೂರು ಸುತ್ತು ಮುಗಿಸಿ ಆ ದಿನ ಗುರು ಮತ್ತೆ ಕುಂಭದಲ್ಲೇ ಇದ್ದ! ಲೆಕ್ಕ ಮಾಡಿ ನೋಡಿದಾಗ ನಾನೂ ಒಂದು ಗಳಿಗೆ ಸುಮ್ಮನೆ ಕೂತೆ, ಸುಳ್ಳು ಯಾಕೆ ಹೇಳಲಿ.

ಆದರೆ ಮುಂದಿನದನ್ನೂ ಕೇಳ್ರಿ. ನೀರು ಕುಡಿದವರ ಮೇಲೆ ಊರಿನವರು ಬಡಿಗೆ ತಂದು ಬಿದ್ದರು. ನಂತರ ಕೆರೆ ಮೈಲಿಗೆಯಾಯಿತು ಅಂತ ಸಗಣಿ, ಗಂಜಲ, ಹಾಲು, ಮೊಸರು ಕಲಸಿದ 108 ಕೊಡ ಸುರಿದು ಶುದ್ಧ ಮಾಡಿದರು. ಆ ಕೊಡ ಸುರಿದವರ ಮೇಲೂ ಇದ್ದದ್ದು ಅದೇ ಕುಂಭದ ಗುರು. ಕೆರೆಯ ದಾವೆ ಕೋರ್ಟಿನಲ್ಲಿ ಹತ್ತು ವರ್ಷ ನಡೆಯಿತು. 1937ರ ಮಾರ್ಚ್‌ನಲ್ಲಿ ಮುಂಬೈ ಹೈಕೋರ್ಟು ಅವರ ಕಡೆ ತೀರ್ಪು ಕೊಟ್ಟಿತು. ಅದನ್ನು ಗೆದ್ದದ್ದು ಕಾಗದಪತ್ರ, ಸಾಕ್ಷಿ, ವಾಯಿದೆಯಿಂದ ವಾಯಿದೆಗೆ ತಿರುಗಾಟ. ಕೋರ್ಟಿಗೆ ಅಲೆದ ನಮ್ಮ ಓದುಗರಿಗೆ ಅದರ ರುಚಿ ಗೊತ್ತು.

ರಬಕವಿ, ಬನಹಟ್ಟಿಯ ನೇಕಾರ ಬಂಧುಗಳು ಇದನ್ನು ಲಕ್ಷ್ಯಕೊಟ್ಟು ಓದಬೇಕು. ಆಗ ಮುಂಬೈ ಗಿರಣಿಗಳಲ್ಲಿ ಹೆಚ್ಚು ಪಗಾರ ಇದ್ದದ್ದು ನೇಯುವ ಖಾತೆಯಲ್ಲಿ. ಆ ಖಾತೆಗೆ ಅಸ್ಪೃಶ್ಯರಿಗೆ ಪ್ರವೇಶ ಇಲ್ಲ. ಕಾರಣ ಲಾಳಿ. ಕಂಡಿಕೆ ಬದಲಿಸಿದಾಗ ಲಾಳಿಯ ತೂತಿನಿಂದ ಎಳೆಯನ್ನು ಬಾಯಿಂದ ಹೀರಿ ತೆಗೆಯಬೇಕು. ಅವರ ಬಾಯಿ ತಾಗಿದ ಲಾಳಿಗೆ ನಾವು ಬಾಯಿ ಹಚ್ಚಬೇಕಾ ಅನ್ನುವುದು ಉಳಿದ ಕೆಲಸಗಾರರ ತಕರಾರು. 1928ರ ದೊಡ್ಡ ಮುಷ್ಕರದಲ್ಲಿ ಎಲ್ಲರೂ ಪಗಾರದ ಮಾತಾಡುತ್ತಿದ್ದಾಗ ಬಾಬಾಸಾಹೇಬರು ಈ ಲಾಳಿಯ ಮಾತನ್ನು ಮುಖಂಡರ ಮುಂದೆ ಇಟ್ಟರು, ಬಿಡಲಿಲ್ಲ. ಲಾಳಿ ಹಿಡಿದವರ ಸಂಘದಲ್ಲೇ ಒಳಗೊಂದು ಗೋಡೆ ಇತ್ತು. ಮುಂದೆ 1942ರಿಂದ 46ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಗೇ ಬಂತು. 1946ರಲ್ಲಿ ಕಾರ್ಖಾನೆ ಕಾಯಿದೆ ತಿದ್ದುಪಡಿಯಾಗಿ ವಾರಕ್ಕೆ 48 ತಾಸಿನ ದುಡಿಮೆ ಬಂತು. ಇದನ್ನು ಶನಿಯ ಫಲ ಅನ್ನುವವರು ಅನ್ನಲಿ. ನಮ್ಮ ಪಾವರ್‌ಲೂಮ್ ಶೆಡ್ಡಿನೊಳಗ ಎಷ್ಟು ತಾಸು ಅನ್ನೋದು ಬ್ಯಾರೆ ವಿಷಯ, ಇನ್ನೊಮ್ಮೆ ಬರೀತೀನಿ.

ಮನುಷ್ಯನ ಸ್ವಭಾವ ಹೇಗಿತ್ತು? ಜಾತಕದವರು ಉಚ್ಚ ರವಿ ಅಂದರೆ ಸಿಟ್ಟು, ಸ್ವಾಭಿಮಾನ ಅನ್ನುತ್ತಾರೆ. ಎರಡೂ ಇದ್ದವು. ಆದರೆ ಸಿಟ್ಟಿಗೆ ಮನೆಯೊಳಗಿನ ದುಃಖವೂ ಸೇರಿತ್ತು. ಹೆಂಡತಿ ರಮಾಬಾಯಿ ಬಡತನದಲ್ಲಿ ಸಂಸಾರ ತೂಗಿಸಿದವರು. ಐದು ಮಕ್ಕಳಲ್ಲಿ ಉಳಿದವರು ಯಶವಂತ ಒಬ್ಬರೇ. 1935ರ ಮೇ ತಿಂಗಳಲ್ಲಿ ರಮಾಬಾಯಿಯೂ ಹೋದರು. ಅದೇ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಅವರು ಹೇಳಿದ್ದು, ಹಿಂದೂ ಆಗಿ ಹುಟ್ಟಿದ್ದು ತನ್ನ ಕೈಯಲ್ಲಿರಲಿಲ್ಲ, ಹಿಂದೂ ಆಗಿ ಸಾಯುವುದಿಲ್ಲ ಅಂತ. ಹುಟ್ಟು ಕೈಯಲ್ಲಿಲ್ಲ ಅಂತ ಒಪ್ಪಿದ ಮನುಷ್ಯ, ಹುಟ್ಟಿನಿಂದಲೇ ಎಲ್ಲಾ ತೀರ್ಮಾನ ಅನ್ನುವುದನ್ನು ಮಾತ್ರ ಒಪ್ಪಲಿಲ್ಲ. ಕುಂಡಲಿ ತಂದ ನಮ್ಮ ಅಂಗಡಿಕಾರರಿಗೆ ನಾನು ಇದನ್ನೇ ಹೇಳಿದೆ. ಜಾತಿಯೂ ಹುಟ್ಟಿದ ಗಳಿಗೆಯ ಲೆಕ್ಕ, ಜಾತಕವೂ ಹುಟ್ಟಿದ ಗಳಿಗೆಯ ಲೆಕ್ಕ. ಒಂದನ್ನು ಒಡೆಯಲು ಜೀವ ತೇಯ್ದವರನ್ನು ಇನ್ನೊಂದರ ಕೋಣೆಯಲ್ಲಿ ಕೂಡ್ರಿಸೋದು ಹೇಗ್ರಿ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾದ್ರ ಶನಿ ಸಿಂಹಕ್ಕ ಮೂರನೇ ಸಲ ಯಾವಾಗ ಬಂದ ಅಂತ ಕೇಳಿದರು. ಬಿಡುವ ಆಸಾಮಿ ಅಲ್ಲ!

ಬಂದದ್ದು ಹೌದು. ಸಂವಿಧಾನ ಸಭೆ ಸಂವಿಧಾನವನ್ನು ಅಂಗೀಕರಿಸಿದ 1949ರ ನವೆಂಬರ್ 26ರಂದು ಶನಿ ಮತ್ತೆ ಸಿಂಹದಲ್ಲಿದ್ದ. ಕರಡು ಸಮಿತಿಯ ಅಧ್ಯಕ್ಷರು ಬಾಬಾಸಾಹೇಬರೇ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಹದಿನೈದನೆಯ ಕಲಮು, ಅಸ್ಪೃಶ್ಯತೆ ರದ್ದು ಅಂತ ಹದಿನೇಳನೆಯ ಕಲಮು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಎಲ್ಲದಕ್ಕೂ ಆಗ ಒಂದೇ ಕಾಯಿದೆ ಆಯಿತು. ಆದರೆ ಅದೇ ಸಿಂಹದ ಶನಿ ಇದ್ದಾಗಲೇ ಅವರ ಹಿಂದೂ ಕೋಡ್ ಬಿಲ್ಲು ಸಭೆಯಲ್ಲಿ ನಿಂತ ಎತ್ತಿನ ಗಾಡಿ ಆಗಿತ್ತು. ಹೆಣ್ಣುಮಕ್ಕಳಿಗೆ ಆಸ್ತಿ, ಸೋಡಚೀಟಿ ಕೊಡುವ ಆ ಬಿಲ್ಲು ಮುಂದೆ ಸಾಗದ ಕಾರಣ 1951ರಲ್ಲಿ ಮಂತ್ರಿಗಿರಿ ಬಿಟ್ಟರು. 1952ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಇದು ಯಾವ ಗ್ರಹದ ಲೆಕ್ಕಕ್ಕೆ ಬರಕೊಳ್ಳೋಣ?

ಕಡೆಯ ವರ್ಷದ ಒಂದು ಸಂಗತಿ ಜೋಯಿಸರು ಹೇಳೋದಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಸಾಡೇತೀನ ಮುಹೂರ್ತ ಅಂತ ಐತಲ್ಲ, ಪಂಚಾಂಗ ನೋಡದೆ ಶುಭಕಾರ್ಯ ಮಾಡುವ ದಿನಗಳು. ಬನ್ನಿ ಕೊಡುವ ವಿಜಯದಶಮಿ ಅದರಲ್ಲೊಂದು. 1956ರ ಅಕ್ಟೋಬರ್ 14, ವಿಜಯದಶಮಿಯ ದಿನ, ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಅವರು ಬೌದ್ಧ ಧರ್ಮ ಸೇರಿದರು. ಸಾಮ್ರಾಟ ಅಶೋಕನ ನೆನಪಿಗೆ ಆರಿಸಿದ ದಿನ ಅದು. ಯಾವ ಜೋಯಿಸರನ್ನೂ ಕೇಳುವ ಗರಜು ಇಲ್ಲದ ದಿನವೂ ಹೌದು.

ನವೆಂಬರ್ 1ಕ್ಕೆ ನಮ್ಮ ವಿಜಾಪುರ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಡಿಸೆಂಬರ್ 6ಕ್ಕೆ ಬಾಬಾಸಾಹೇಬರು ದಿಲ್ಲಿಯಲ್ಲಿ ತೀರಿಕೊಂಡರು. ಹಳೆಯ ಮುಂಬೈ ಇಲಾಖೆಯ ನಮ್ಮ ಮಂದಿ ಮೈಸೂರಿನವರಾಗಿ ತಿಂಗಳ ಮೇಲೆ ಐದು ದಿನ ಆಗಿತ್ತು.

ಅಂಗಡಿಕಾರರು ಕುಂಡಲಿ ಹಾಳೆ ವಾಪಸು ಒಯ್ಯಲಿಲ್ಲ, ನಮ್ಮ ಕಚೇರಿಯ ಟೇಬಲ್ಲಿನ ಗಾಜಿನ ಕೆಳಗೆ ಐತಿ. ಬೇಕಾದವರು ಬಂದು ನೋಡಬಹುದು. ಲಗ್ನ ಯಾವುದು ಅಂತ ಮಾತ್ರ ಕೇಳಬ್ಯಾಡ್ರಿ.